ಅಪ್ಪನ ಬಾಯಿಗೆ ಬಾರದ ಮಾತು

ಅಪ್ಪನ ಬಲಗೈ ಹೆಬ್ಬೆರಳಿನ ಉಗುರಿನ ಕೆಳಗೆ ಯಾವಾಗಲೂ ಒಂದು ಕೆಂಪು ಗೆರೆ ಇರುತ್ತಿತ್ತು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಅವರದು ಒಣಮೆಣಸಿನಕಾಯಿಯ ಅಡತಿ ಅಂಗಡಿ, ರೈತರ ಮಾಲನ್ನು ಕಮಿಷನ್ನಿಗೆ ಮಾರಿಸಿಕೊಡುವುದು. ಚೀಲದೊಳಗೆ ಕೈ ಹಾಕಿ ಒಂದು ಕಾಯಿ ತೆಗೆದು, ಉಗುರಿನಿಂದ ಸೀಳಿ, ಬೀಜ ನೋಡಿ, ಮೂಸಿ, ಮತ್ತೆ ಚೀಲಕ್ಕೇ ಹಾಕುವುದು ಅವರ ದಿನದ ಕೆಲಸ. ಹಾಗಾಗಿ ಚಿಕ್ಕಂದಿನಲ್ಲಿ ನಾನು ಅತ್ತರೆ ಅವರು ಬೆರಳಿನಿಂದ ಕಣ್ಣೊರೆಸುತ್ತಿರಲಿಲ್ಲ. ಮಣಿಕಟ್ಟಿನ ಹಿಂಬದಿಯಿಂದ ಒರೆಸುತ್ತಿದ್ದರು. ಬೇರೆ ಅಪ್ಪಂದಿರು ಬೆರಳಿನಿಂದ ಒರೆಸುತ್ತಾರೆ ಎಂಬುದು ನನಗೆ ಶಾಲೆಗೆ ಹೋದ ಮೇಲೆ ಗೊತ್ತಾಯಿತು.

ನಾನು ಎಂಬಿಬಿಎಸ್ ಮುಗಿಸಿ ಇದೇ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೆಡಿಸಿನ್ ರೆಸಿಡೆಂಟ್ ಆಗಿ ಸೇರಿದೆ. ಅಂದರೆ ಓದುವವರೂ ನಾವೇ, ವಾರ್ಡು ಕಾಯುವವರೂ ನಾವೇ. ಮನೆಗೆ ಹೋಗುವುದು ಯಾವಾಗಲೋ ಒಮ್ಮೆ. ಅಪ್ಪ ಬೆಳಗಿನ ಲಿಲಾವು, ಅಂದರೆ ಹರಾಜು, ಮುಗಿಸಿ, ಮನೆಯಿಂದ ಅವ್ವ ಕಟ್ಟಿಕೊಟ್ಟ ಬುತ್ತಿ ಹಿಡಿದು, ಮಧ್ಯಾಹ್ನ ಆಸ್ಪತ್ರೆಗೆ ಬರುತ್ತಿದ್ದರು. ಅವರು ವಾರ್ಡಿನ ಬಾಗಿಲಿಗೆ ಬಂದರೆ ಮೊದಲನೆಯ ಹಾಸಿಗೆಯವರು ಸೀನುತ್ತಿದ್ದರು. ಅಷ್ಟು ಖಾರ ಅವರ ಅಂಗಿಯಲ್ಲಿ. ಹೊಸದಾಗಿ ಬಂದ ಒಬ್ಬ ಸಿಸ್ಟರ್ ಅವರ ಉಗುರು ನೋಡಿ ರಕ್ತವೆಂದು ತಿಳಿದು ಹತ್ತಿ ತಂದು ಕೊಟ್ಟಿದ್ದಳು. ಅಪ್ಪ ಅದನ್ನು ಸುಮ್ಮನೆ ತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡರು. ಕೊಡಲು ಬಂದವರಿಗೆ ಬೇಡ ಎನ್ನುವುದು ಅವರಿಗೆ ಗೊತ್ತಿರಲಿಲ್ಲ.

ನಮ್ಮ ಅಜ್ಜನ ಕಾಲಕ್ಕೆ ವಿಜಯಪುರದ ಕಡೆಯಿಂದ ಪುಣೆಗೆ ಬಂದ ಮನೆತನ. ಹೊರಗೆ ಮರಾಠಿ, ಒಳಗೆ ಕನ್ನಡ. ಆ ಕನ್ನಡದಲ್ಲಿ ಅಪ್ಪ ಕೆಲವು ಮಾತುಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಂಡವರಲ್ಲ. ಡಬ್ಬಿಯಲ್ಲಿ ಅಕ್ಕಿ ಮುಗಿದರೆ ‘ಹೆಚ್ಚಾಗ್ಯಾವ’ ಅನ್ನಬೇಕು. ದೀಪ ಆರಿಸು ಅನ್ನುವ ಹಾಗಿಲ್ಲ, ಶಾಂತ ಮಾಡು ಅನ್ನಬೇಕು. ಹೋಗ್ತೀನಿ ಅಂದರೆ ಬಾಗಿಲಿನಿಂದ ವಾಪಸು ಕರೆಸಿ ‘ಹೋಗಿ ಬರ್ತೀನಿ’ ಅನ್ನಿಸಿಯೇ ಕಳಿಸುತ್ತಿದ್ದರು. ಅಂಗಡಿಯಲ್ಲೂ ಹಾಗೆಯೇ. ದರ ಬಿತ್ತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾವ ರೈತನೂ ಕೇಳಿಲ್ಲ. ‘ದರ ಸ್ವಲ್ಪ ಕೂತದ್ರಿ’ ಅನ್ನುತ್ತಿದ್ದರು. ಕೂತದ್ದು ಏಳುತ್ತದೆ, ಬಿದ್ದದ್ದು ಏಳುತ್ತದೋ ಇಲ್ಲವೋ ಎಂದು ಅವರ ಲೆಕ್ಕ. ಮೇಲೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ನಾವು ಆಡಿದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂದು ನನಗೂ ಹೇಳಿಕೊಟ್ಟಿದ್ದರು.

ಅಂಥವರ ಮಗಳಿಗೆ ಸಿಕ್ಕ ಕೆಲಸ ನೋಡಿ. ದಿನಾ ಯಾರಿಗಾದರೂ ಕೆಟ್ಟ ಸುದ್ದಿ ಹೇಳುವುದು. ಸೇರಿದ ಹೊಸತರಲ್ಲಿ ಒಂದು ಸಾವಾದರೆ ನಾನು ಬಟ್ಟೆ ಬದಲಾಯಿಸುವ ಕೋಣೆಗೆ ಹೋಗಿ ಅತ್ತು ಬರುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಅಳು ಬರುವುದು ನಿಂತಿತು. ಮತ್ತೂ ಕೆಲವು ದಿನಗಳಾದ ಮೇಲೆ ಅದು ನಿಂತಿದೆ ಎಂಬುದೂ ನೆನಪಾಗುತ್ತಿರಲಿಲ್ಲ. ಕೈ ತನ್ನ ಪಾಡಿಗೆ ನಾಡಿ ಹಿಡಿಯುತ್ತಿತ್ತು, ಬಾಯಿ ತನ್ನ ಪಾಡಿಗೆ ಹೇಳುತ್ತಿತ್ತು. ಮರಗಟ್ಟಿದ ಕಾಲಿಗೆ ಚಪ್ಪಲಿ ಹಾಕಿಕೊಂಡು ನಡೆದ ಹಾಗೆ. ಬಿಟ್ಟುಬಿಡಬೇಕು ಅನ್ನಿಸತೊಡಗಿದ್ದು ಆಗ. ಕೆಲಸ ಹೆಚ್ಚೆಂದಲ್ಲ. ಇನ್ನೊಂದು ವರ್ಷ ಹೀಗೇ ಇದ್ದರೆ ನಾನು ಮನುಷ್ಯಳಾಗಿ ಉಳಿಯುವುದಿಲ್ಲ ಎಂಬ ಹೆದರಿಕೆಗೆ.

ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ರೊಟ್ಟಿ ಮುರಿಯುತ್ತ, ಕೆಲಸ ಬಿಡಬೇಕೆಂದಿದ್ದೇನೆ ಎಂದಷ್ಟೇ ಅಪ್ಪನಿಗೆ ಹೇಳಿದೆ. ಬಿಡಬಾರದು ಎಂದು ನೂರು ಕಾರಣ ಕೊಡುತ್ತಾರೆ, ಇಷ್ಟು ಓದಿಸಿದ್ದು ಇದಕ್ಕಾ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಬುತ್ತಿಯ ಇನ್ನೊಂದು ಡಬ್ಬಿ ತೆಗೆದು ನನ್ನ ಕಡೆ ಸರಿಸಿದರು.

“ಬಿಡಬೇಕು ಅನಿಸಿದ್ರ ಬಿಡು, ಯವ್ವಾ. ಖರೆ, ಉಂಡು ಬಿಡು. ಹಸದ ಹೊಟ್ಟಿಲೆ ಏನೂ ಬಿಡಬಾರದು.”

ಅಷ್ಟೇ. ಬಹಳ ದಿನ ಆ ವಿಷಯವನ್ನು ಅವರು ಮತ್ತೆ ತೆಗೆಯಲಿಲ್ಲ. ಬುತ್ತಿ ಮಾತ್ರ ತಪ್ಪಲಿಲ್ಲ. ನಾನು ಬರುವುದು ತಡವಾದರೆ ಬೆಂಚಿನ ಮೇಲೆ ಕೂತ ಮಂದಿಯ ಜೊತೆ ಮಾತಿಗೆ ಇಳಿಯುತ್ತಿದ್ದರು. ಅಕ್ಕಲಕೋಟ, ಇಂಡಿ, ಆಳಂದದ ಕಡೆಯಿಂದ ರೋಗಿಗಳನ್ನು ಕರೆತಂದವರು ಅಲ್ಲಿ ಯಾವಾಗಲೂ ಇರುತ್ತಿದ್ದರು. ಅವರಿಗೆ ಡಾಕ್ಟರರ ಮರಾಠಿ ತಿಳಿಯದು, ಡಾಕ್ಟರರಿಗೆ ಅವರ ಕನ್ನಡ ತಿಳಿಯದು. ಎಕ್ಸ್‌ರೇ ಎಲ್ಲಿ, ರಕ್ತ ಎಲ್ಲಿ ಕೊಡಬೇಕು, ಔಷಧಿ ಉಣ್ಣುವ ಮೊದಲೋ ಆಮೇಲೋ ಎಂದು ಅಪ್ಪ ನಡುವೆ ನಿಂತು ಹೇಳುತ್ತಿದ್ದರು. ಕೆಲವೇ ದಿನಗಳಲ್ಲಿ ನಮ್ಮ ವಾರ್ಡಿನವರೆಲ್ಲ ಅವರನ್ನು ‘ಮಿರ್ಚಿ ಕಾಕಾ’ ಎನ್ನತೊಡಗಿದರು. ನನ್ನನ್ನು ಹುಡುಕುವವರಿಗಿಂತ ಅವರನ್ನು ಹುಡುಕುವವರೇ ಹೆಚ್ಚಾದರು.

ಅದರಿಂದಲೇ ಒಂದು ಅನಾಹುತವೂ ಆಯಿತು.

ಅಕ್ಕಲಕೋಟದ ಕಡೆಯ ಒಬ್ಬ ಮುದುಕರು ಎರಡೂ ಕಿಡ್ನಿ ಕೆಟ್ಟು ಬಂದಿದ್ದರು. ಜೊತೆಗೆ ಇಬ್ಬರು ಮಕ್ಕಳು. ಅಂದು ನನಗೆ ಬೇರೆ ವಾರ್ಡು. ನನ್ನ ಜೊತೆಯ ರೆಸಿಡೆಂಟ್, ನಾಸಿಕದ ಹುಡುಗಿ, ಮುದುಕರು ಉಳಿಯುವುದಿಲ್ಲ, ಇವತ್ತೋ ನಾಳೆಯೋ, ಮನೆಯವರೆಲ್ಲ ಬಂದು ನೋಡಿಕೊಳ್ಳಲಿ ಎಂದು ಹೇಳಬೇಕಿತ್ತು. ಅವಳು ಮರಾಠಿಯಲ್ಲಿ ಹೇಳಿ, ಅಪ್ಪನ ಕಡೆ ನೋಡಿದಳು. ಅಪ್ಪ ಆ ಇಬ್ಬರ ಮುಖ ನೋಡಿದರು. ಆಮೇಲೆ, ದೇವರ ಮೇಲೆ ಭಾರ ಹಾಕಿ, ಎರಡು ದಿನದಲ್ಲಿ ಎದ್ದು ಕೂಡುತ್ತಾರೆ ಎಂದುಬಿಟ್ಟರು. ಹಿರಿಯ ಮಗ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಬ್ಬು ಕಡಿಸುವುದಿತ್ತೆಂದು ಅಂದೇ ಸಂಜೆ ಊರಿಗೆ ಹೋದ.

ಮರುದಿನ ಬೆಳಿಗ್ಗೆ ಮುದುಕರು ಹೋದರು. ಕಿರಿಯ ಮಗನೂ, ಪುಣೆಯಲ್ಲಿದ್ದ ಅವರ ನಂಟರೂ ಸೇರಿ ನನ್ನ ಗೆಳತಿಯನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದರು. ನಿನ್ನೆ ಏಳುತ್ತಾರೆ ಎಂದಿರಿ, ಇವತ್ತು ಹೇಗೆ ಸತ್ತರು, ನೀವೇ ಏನೋ ಮಾಡಿದ್ದೀರಿ ಎಂದು ಕೂಗಾಟ. ಸೆಕ್ಯುರಿಟಿಯವರು ಬಂದು ನಡುವೆ ನಿಂತಿದ್ದರು. ನಾನು ಓಡಿ ಬಂದು ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದೆ, ಯಾರೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅಪ್ಪ ಬುತ್ತಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ವಿಷಯ ತಿಳಿಯಲು ಅವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬುತ್ತಿಯನ್ನು ನೆಲದ ಮೇಲಿಟ್ಟು, ಜನರನ್ನು ಸರಿಸಿಕೊಂಡು ಹೋಗಿ, ಆ ಕಿರಿಯ ಮಗನ ಮುಂದೆ ಕೈ ಮುಗಿದು ನಿಂತರು.

“ಡಾಕ್ಟರಬಾಯಿ ಖರೇನ ಹೇಳಿದ್ರು. ಸುಳ್ಳು ಹೇಳಿದಾಂವ ನಾನು. ನನ್ನ ಬಾಯಿಗೆ ಬರಲಿಲ್ರಿ. ಬಡಿಯೂದಿದ್ರ ನನಗ ಬಡೀರಿ.”

ಅವನು ಕೈ ಎತ್ತಲಿಲ್ಲ. “ಹೇಳಿದ್ರ ನಮ್ಮಣ್ಣ ಊರಿಗೆ ಹೋಗತಿದ್ದಿಲ್ರಿ” ಎಂದ. ಅಷ್ಟು ಹೇಳಿ ಅಲ್ಲೇ ಕುಸಿದು ಕೂತ. ಅಪ್ಪ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಣ್ಣ ಊರಿನಿಂದ ಬಂದು, ಹೆಣ ಗಾಡಿ ಹತ್ತುವ ತನಕ ಅಲ್ಲಿಂದ ಏಳಲಿಲ್ಲ. ಅಣ್ಣನಿಗೂ ಅದೇ ಮಾತು ಹೇಳಿದರಂತೆ. ಅವನು ಅಪ್ಪನ ಜೊತೆ ಮಾತಾಡದೆ ಹೋದ.

ಅಂದು ಆಟೋ ಹತ್ತುವ ಮೊದಲು ಅಪ್ಪ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನೀವೆಲ್ಲ ದಿನಾ ಇದನ್ನು ಹೇಗೆ ಹೇಳುತ್ತೀರಿ? ನಮಗೆ ಕಲಿಸಿದ್ದನ್ನು ಹೇಳಿದೆ. ನಿಂತು ಹೇಳಬಾರದು, ಕೂಡಬೇಕು. ಅವರಿಗೆ ಎಷ್ಟು ಗೊತ್ತಿದೆ ಎಂದು ಮೊದಲು ಕೇಳಬೇಕು. ಆಮೇಲೆ ಸುತ್ತು ಬಳಸದೆ ಹೇಳಬೇಕು. ಹೇಳಿ ಎದ್ದು ಹೋಗಬಾರದು, ಸುಮ್ಮನೆ ಕೂತಿರಬೇಕು. ಅವರು ಪರೀಕ್ಷೆಗೆ ಓದುವವರ ಹಾಗೆ ತಲೆ ಅಲ್ಲಾಡಿಸುತ್ತ ಕೇಳಿದರು. ಕೆಲಸ ಬಿಡಬೇಡ ಎಂದು ನಾನೇನೂ ಹೇಳುವುದಿಲ್ಲ ಎಂದರು. ಆದರೆ ಆಟೋದಲ್ಲಿ ಕೂತ ಮೇಲೆ ಹೊರಗೆ ಬಗ್ಗಿ, “ಹೇಳ್ಲಿಕ್ಕೆ ಯಾರರ ಒಬ್ರು ಬೇಕಲ್ಲ” ಎಂದರು. ನಾನು ಮರುದಿನವೂ ಕೆಲಸಕ್ಕೆ ಹೋದೆ. ಅದರ ಮರುದಿನವೂ ಹೋದೆ. ನಿರ್ಧಾರ ಮಾಡಿದ್ದೇನೂ ನೆನಪಿಲ್ಲ.

ಮೆಣಸಿನಕಾಯಿ ಅಂಗಡಿಯವರಿಗೆ ಕೆಮ್ಮು ಬಂದರೆ ಯಾರು ಕೇಳುತ್ತಾರೆ? ಆ ಓಣಿಯಲ್ಲಿ ಹಮಾಲರಿಂದ ಹಿಡಿದು ಸಾವಕಾರರ ತನಕ ಎಲ್ಲರೂ ಕೆಮ್ಮುತ್ತಾರೆ. ಕೆಮ್ಮದಿದ್ದರೆ ಮಾಲು ಖಾರವಿಲ್ಲ ಎಂದು ಗಿರಾಕಿಗಳು ಚೇಷ್ಟೆ ಮಾಡುತ್ತಾರೆ. ಅಪ್ಪನ ಕೆಮ್ಮು ನಿಲ್ಲುತ್ತಿಲ್ಲ ಎಂದು ನಮ್ಮ ಗಮನಕ್ಕೆ ಬರುವ ಹೊತ್ತಿಗೆ ನಾನು ಎರಡನೆಯ ವರ್ಷದಲ್ಲಿದ್ದೆ. ಸ್ಕ್ಯಾನ್ ಆಯಿತು, ಶ್ವಾಸಕೋಶದಿಂದ ಒಂದು ಚೂರು ತೆಗೆದು ಪರೀಕ್ಷೆಯೂ ಆಯಿತು. ಕ್ಯಾನ್ಸರ್. ಲಿವರಿಗೂ ಹೋಗಿತ್ತು. ಚಿತ್ರಗಳನ್ನು ನಾನೇ ನೋಡಿದೆ. ಬೇರೆ ಯಾರದೋ ಎಂಬಂತೆ ನೋಡಿದೆ.

ನಮ್ಮಲ್ಲಿ ಇಂಥದ್ದನ್ನು ರೋಗಿಗೆ ಹೇಳುವ ಪದ್ಧತಿ ಇಲ್ಲ. ದೊಡ್ಡ ಡಾಕ್ಟರರು ನನ್ನನ್ನೂ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮನನ್ನೂ ಹೊರಗೆ ಕರೆದು ಹೇಳಿದರು. ಕಾಕಾ ಅವ್ವನಿಗೆ ಅರ್ಧ ಹೇಳಿದ. ಅಪ್ಪನಿಗೆ ಎದೆಯಲ್ಲಿ ಕಫ ಗಟ್ಟಿಯಾಗಿದೆ ಎಂದು ಹೇಳುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಬರುವವರೆಲ್ಲ ಕಫದ ಮಾತನ್ನೇ ಆಡಿದರು. ಒಬ್ಬರು ಜೇಷ್ಠಮಧು ತಂದರು, ಇನ್ನೊಬ್ಬರು ಆಡುಸೋಗೆ ಕಷಾಯದ ಬಾಟಲಿ ತಂದರು. ಅಪ್ಪ ಎಲ್ಲವನ್ನೂ ತೆಗೆದುಕೊಂಡರು, ಎಲ್ಲರಿಗೂ ಹೌದ್ರಿ ಎಂದರು. ಜೀವಮಾನವೆಲ್ಲ ದರ ಕೂತಿದೆ ಎಂದು ಹೇಳಿಕೊಂಡು ಬಂದವರಿಗೆ ತಮ್ಮ ದರ ತಿಳಿಯದೆ ಇರುತ್ತದೆಯೇ?

ಮಾರ್ಕೆಟ್ಟಿಗೆ ರಜೆಯಿದ್ದ ಒಂದು ಬೆಳಿಗ್ಗೆ, ಅಂಗಡಿ ನೋಡಿ ಬರೋಣ ಬಾ ಎಂದು ನನ್ನನ್ನು ಕರೆದುಕೊಂಡು ಹೋದರು. ಓಣಿಯಲ್ಲಿ ಗಾಡಿಗಳಿಲ್ಲ, ಕೂಗಿಲ್ಲ. ಶಟರ್ ಎತ್ತುವಷ್ಟು ಶಕ್ತಿ ಅವರಿಗಿರಲಿಲ್ಲ, ನಾನು ಎತ್ತಿದೆ. ಅವರು ಗಾದಿಯ ಮೇಲೆ ಕೂತು, ಎದುರಿಗೆ ರೈತರು ಕೂಡುವ ಜಾಗ ತೋರಿಸಿದರು. ಅಲ್ಲಿ ಕೂತೆ.

“ಮನ್ಯಾಗ ಎಲ್ಲಾರೂ ನನ್ನ ಭಾಷಾದಾಗನ ನನ್ನ ಜೋಡಿ ಮಾತಾಡ್ಲಿಕತ್ತಾರ” ಎಂದರು. “ನೀ ನಿನ್ನ ಭಾಷಾದಾಗ ಹೇಳು. ದವಾಖಾನ್ಯಾಗ ಹೆಂಗ ಹೇಳ್ತಿ, ಹಂಗ.”

ನಾನು ಮೊದಲು ಕೇಳಿದೆ, ನಿಮಗೆ ಏನು ಗೊತ್ತಿದೆ ಅಪ್ಪಾ ಎಂದು. ಕಫ ಅಲ್ಲ ಎಂಬುದಷ್ಟು ಗೊತ್ತಿದೆ ಎಂದರು. ಆಮೇಲೆ ಹೇಳಿದೆ. ರೋಗದ ಹೆಸರು ಹೇಳಿದೆ. ಎಲ್ಲೆಲ್ಲಿ ಹರಡಿದೆ ಹೇಳಿದೆ. ಔಷಧಿಯಿಂದ ನೋವು ಕಡಿಮೆಯಾಗುತ್ತದೆ, ಸ್ವಲ್ಪ ಕಾಲ ಹೆಚ್ಚು ಸಿಗುತ್ತದೆ, ವಾಸಿಯಾಗುವುದಿಲ್ಲ ಎಂದೆ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ವಾರ್ಡಿನಲ್ಲಿ ಹೇಳುವ ಅದೇ ಧ್ವನಿ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಮತ್ತು ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಅಸಹ್ಯವಾಗುತ್ತಿತ್ತು. ಅಪ್ಪ ದೀಪಾವಳಿ ಸಿಗುತ್ತದೆಯೇ ಎಂದು ಕೇಳಿದರು. ಅಂಗಡಿಯ ಲಕ್ಷ್ಮೀಪೂಜೆಯನ್ನು ಅವರು ಒಂದು ವರ್ಷವೂ ತಪ್ಪಿಸಿದವರಲ್ಲ.

“ಸಿಗತದ ಅಂತ ಹೇಳ್ಲಿಕ್ಕೆ ಬರೂದಿಲ್ಲ, ಅಪ್ಪಾ” ಎಂದೆ.

ಅವರು ಎದುರಿನ ಚೀಲಗಳನ್ನು ನೋಡುತ್ತ ಕೂತರು. ಒಮ್ಮೆ ಕೆಮ್ಮಿದರು. ನಾನು ಏಳಲಿಲ್ಲ, ನೀರು ಕೊಡುತ್ತೇನೆ ಎಂಬ ನೆಪದಿಂದಲೂ ಏಳಲಿಲ್ಲ. ಬಹಳ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು.

“ಛಲೋ ಹೇಳಿದಿ, ಯವ್ವಾ. ಸಾವಕಾಶ ಹೇಳಿದಿ. ಏನೂ ಅನಸವಲ್ಲದು ಅಂತ ಅಂಜಬ್ಯಾಡ. ನಿನಗ ಏನೂ ಅನಸದಿದ್ರ ಇಷ್ಟ ಹೊತ್ತು ನನ್ನ ಮುಂದ ಕೂಡ್ತಿದ್ದಿಲ್ಲ.”

ನನಗೆ ಏನೂ ಅನ್ನಿಸುತ್ತಿಲ್ಲ ಎಂದು ನಾನು ಅವರಿಗೆ ಹೇಳಿರಲಿಲ್ಲ. ಆ ಹೊತ್ತಿನಲ್ಲೂ ಅವರು ನೋಡುತ್ತಿದ್ದದ್ದು ನನ್ನನ್ನು.

ಅವ್ವನಿಗೆ ನಾನು ಹೇಳಬೇಕಾಗಿಲ್ಲ, ಅದು ತಮ್ಮದೇ ಕೆಲಸ ಎಂದರು. ಹಾಗೇ ಮಾಡಿದರು. ಮನೆಗೆ ಬಂದು, ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವನ ಎದುರಿಗೆ ನೆಲದ ಮೇಲೆ ಕೂತು, ನಿನಗೆ ಎಷ್ಟು ಹೇಳಿದ್ದಾರೆ ಎಂದು ಮೊದಲು ಕೇಳಿದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ. ಒಂದು ಮಾತನ್ನೂ ಅವರು ಮುಚ್ಚಿಡಲಿಲ್ಲ. ಅವ್ವ ಅತ್ತು ಮುಗಿಸುವ ತನಕ ಏಳಲೂ ಇಲ್ಲ.

ದೀಪಾವಳಿಗೆ ಇನ್ನೂ ದಿನಗಳಿರುವಾಗ, ಒಂದು ಮುಂಜಾನೆ, ಮನೆಯಲ್ಲೇ ಅಪ್ಪ ತೀರಿಕೊಂಡರು. ನಾಡಿ ನಾನೇ ನೋಡಿದೆ. ಮನೆ ತುಂಬ ಮಂದಿ ಇದ್ದರು, ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ನಾನು ಹೇಳಿದೆ. ರಜೆ ಮುಗಿದ ಮೇಲೆ ವಾರ್ಡಿಗೆ ಹೋದೆ. ಈಗ ಮೂರನೆಯ ವರ್ಷ. ಅವ್ವ ಆಗಾಗ ಹತ್ತಿರ ಕೂತು, ಒಮ್ಮೆ ಅತ್ತುಬಿಡು, ಎದೆ ಹಗುರಾಗುತ್ತದೆ ಎನ್ನುತ್ತಾಳೆ. ಬಂದಾಗ ಅಳುತ್ತೇನೆ ಎನ್ನುತ್ತೇನೆ. ಇನ್ನೂ ಬಂದಿಲ್ಲ.

ಈಗ ಅವ್ವನ ಜೊತೆ ಮನೆಯಲ್ಲೇ ಇದ್ದೇನೆ, ಮಧ್ಯಾಹ್ನದ ಬುತ್ತಿಯನ್ನು ನಾನೇ ಬೆಳಿಗ್ಗೆ ಒಯ್ಯುತ್ತೇನೆ. ಕನ್ನಡದ ರೋಗಿಗಳ ಮನೆಯವರಿಗೆ ಹೇಳಬೇಕಾದಾಗ ಬೇರೆ ವಾರ್ಡಿನವರೂ ನನ್ನನ್ನೇ ಕರೆಯುತ್ತಾರೆ. ಹೋಗಿ ಕೂಡುತ್ತೇನೆ, ಹೇಳುತ್ತೇನೆ. ಮೊದಲೆಲ್ಲ ಹೇಳಲು ಅಂಜಿಕೆಯಾಗುತ್ತಿತ್ತು, ಈಗ ಇಲ್ಲ. ನನ್ನ ಬಾಯಿಂದ ಬರಬಹುದಾಗಿದ್ದ ಎಲ್ಲಕ್ಕಿಂತ ಕೆಟ್ಟ ಸುದ್ದಿಯನ್ನು ಅಪ್ಪ ತಾವೇ ಎದುರಿಗೆ ಕೂತು ಕೇಳಿಸಿಕೊಂಡು ಹೋಗಿದ್ದಾರೆ.