ರಾಮನಗರಕ್ಕೆ ಒಂದು ಮನೆ ಕಡಿಮೆ

ನಮ್ಮ ಹಳಿಯಾಳದ ಅಂಗಡಿಯಿಂದ ಹತ್ತಿರದ ರಾಮನಗರಕ್ಕೆ ಹೋದ ಅಕ್ಕಿ ಅದೇ ಗಾಡಿಯಲ್ಲಿ ವಾಪಸ್ ಬಂತು. ಅಲ್ಲಿನ ವ್ಯಾಪಾರಿ ಫೋನಿನಲ್ಲಿ ಸಿಡಿದ: "ಯಾರೋ ತಿರುಗಿ ಕಳಿಸಿದ ಮಾಲು ನನಗ ಕಟ್ತೀರೇನ್ರೀ ಸಾಹುಕಾರ್ರ? ಇಲ್ಲಿಗೆ ಮುಗೀತು ನಮ್ಮ ವ್ಯವಹಾರ!"

ಚೀಲದ ಮೇಲಿನ ಚೀಟಿ ನೋಡಿದೆ. RAMNAGARRETURN ಎಂದು ಅಚ್ಚಾಗಿತ್ತು.

ಚೀಟಿ ಅಚ್ಚುಹಾಕುವ ಯಂತ್ರ ನೋಡಲು ಸವಿತಾ ಬಂದಳು, ಇಲ್ಲೇ ಕಾಲೇಜಿನಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸುವಾಕೆ. ಚೀಟಿ ಓದಿ, ಯಂತ್ರ ಮುಟ್ಟದೆಯೇ ಕೇಳಿದಳು:

"ಕಾಕಾ, ದಾಂಡೇಲಿ, ಮುಂಡಗೋಡ ಸರಿ ಬರ್ತಾವಲ್ಲ?"

"ಬರ್ತಾವ."

"ಇಂಗ್ಲಿಷಿನ್ಯಾಗ ಅವು ಏಳೇಳು ಅಕ್ಷರ. ರಾಮನಗರ ಎಂಟು. ಪ್ರೋಗ್ರಾಂ ಬರದಾಂವ ಊರ ಹೆಸರಿಗೆ ಅಕ್ಷರಕ್ಕೊಂದರಂಗ ಎಂಟ ಮನಿ ಇಟ್ಟಾನ."

"ಎಂಟಕ್ಕ ಎಂಟು ಸರಿ ಹೋತಲ್ಲವಾ?"

"ನೀವು ಚೀಲದ ಬಾಯಿ ತನಕಾ ಅಕ್ಕಿ ತುಂಬ್ತೀರೇನು?"

"ಯಾರರ ತುಂಬ್ತಾರೇನವಾ? ಹೊಲಿಯಾಕ ನಾಕ ಬೆರಳು ಜಾಗಾ ಬ್ಯಾಡೇನು!"

"ಇಲ್ಲೂ ಹಂಗ. ಹೆಸರು ಮುಗೀತು ಅನ್ನಾಕ ಸಿ ಒಳಗ ಕಡೀಗೆ ಒಂದು ಸೊನ್ನಿ ಇಡಬೇಕು, ಅದಕ್ಕೂ ಒಂದು ಮನಿ ಬೇಕು. ಸೊನ್ನಿ ಸಿಗದಿದ್ರ ಯಂತ್ರ ಮುಂದಿಂದೂ ಓದಕೋತ ಹೋಗತೈತಿ. ಮುಂದಿನ ಮನಿಯೊಳಗ, ವಾಪಸ್ ಬಂದ ಮಾಲಿಗೆ ಅಚ್ಚುಹಾಕಾಕ ಇಟ್ಟ 'ರಿಟರ್ನ್' ಅನ್ನೂ ಪದ ಕುಂತಿತ್ತು."

ಹೊಲಿಯದ ಚೀಲ ಚೆಲ್ಲುವುದು ನನಗೆ ಗೊತ್ತು. ಹೊಲಿಯದ ಹೆಸರೂ ಚೆಲ್ಲುತ್ತದೆ ಎಂದು ಅಂದು ಕಲಿತೆ. ಮುಚ್ಚಳ ತೆಗೆಯದೆ ರೋಗ ಪತ್ತೆ ಮಾಡುವವರನ್ನು ಅದುವರೆಗೆ ಕಂಡಿರಲಿಲ್ಲ. ಅವಳು ಎಂಟು ಮನೆಯನ್ನು ಮೂವತ್ತೆರಡು ಮಾಡಿ, ಹೆಸರಿನ ಕೊನೆಗೆ ಸೊನ್ನೆ ಕೂರಿಸಿದಳು.

ಹೊಸ ಚೀಟಿ ಹಚ್ಚಿ ಕಳಿಸಿದ ಅಕ್ಕಿಯನ್ನು ವ್ಯಾಪಾರಿ ಇಳಿಸಿಕೊಂಡ. ಆಮೇಲೆ ಫೋನ್ ಮಾಡಿ ಒಂದು ತಾಸು ಕ್ಷಮೆ ಕೇಳಿದ. ಅವನ ಮಾತಿಗೆ ಸೊನ್ನೆ ಇಡುವವರು ಮಾತ್ರ ಇನ್ನೂ ಸಿಕ್ಕಿಲ್ಲ.