‘ಬುಡಿ’ ಎಂದರೆ ಏನರ್ಥ

ಉಪ್ಪಾರಹಳ್ಳಿಯ ನಮ್ಮ ಬೀದಿಯಲ್ಲಿ ನನ್ನ ಕೆಲಸಕ್ಕೆ ಇರುವ ಹೆಸರು ‘ದೊಡ್ಡವರ ಟ್ಯೂಷನ್’. ಕಾರ್ಖಾನೆ, ಆಫೀಸುಗಳಿಗೆ ಹೋಗಿ ಅಲ್ಲಿನವರಿಗೆ ತರಬೇತಿ ಕೊಡುವುದು, ಕೆಲಸ ಎಲ್ಲಿ ಎಡವುತ್ತಿದೆ ಎಂದು ಹುಡುಕಿ ಸರಿಮಾಡುವುದು ನನ್ನ ವೃತ್ತಿ. ಕುಣಿಗಲ್‌ನ ಕಂಪನಿಯೊಂದರ ತರಬೇತಿ ವಿಭಾಗದಲ್ಲಿ ಹದಿನೈದು ವರ್ಷ ದುಡಿದು, ಇನ್ನು ಯಾರ ಕೈಕೆಳಗೂ ಬೇಡ ಎಂದು ಜಂಬದಿಂದ ಹೊರಬಿದ್ದಿದ್ದೆ. ಜಂಬ ಸ್ವಲ್ಪ ಹೆಚ್ಚೇ ಇತ್ತು.

ಮೊದಲು ಸಿಕ್ಕಿದ್ದು ಗುಬ್ಬಿ ಹತ್ತಿರದ ಒಂದು ಕಾಯಿಪುಡಿ ಕಾರ್ಖಾನೆ. ಅಲ್ಲಿ ಹನ್ನೆರಡು ವರ್ಷದಿಂದ ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆಯುತ್ತಿದ್ದ ಕಡಬದ ಹೆಂಗಸೊಬ್ಬರನ್ನು ಸೂಪರ್‌ವೈಸರ್ ಮಾಡಿ ಎಂದು ನಾನೇ ಹಟ ಹಿಡಿದೆ. ಮಾಲೀಕರು ಒಲ್ಲದ ಮನಸ್ಸಿನಿಂದ ಒಪ್ಪಿದರು.

"ಒಂದು ತಿಂಗ್ಳು ನೋಡ್ತೀನಿ ಮೇಡಂ. ಆಗ್ಲಿಲ್ಲ ಅಂದ್ರೆ ಕುಣಿಗಲ್‌ನೋರು ಒಬ್ರು ರೆಡಿ ಇದಾರೆ. ಈಯಮ್ಮ ವಾಪಸ್ ಸಿಪ್ಪೆ ಹೆರೆಯಕ್ಕೆ ಹೋಗ್ಲಿ."

ನಾನು ಸುಮ್ಮನಿರುತ್ತೇನೆಯೇ? ದೊಡ್ಡ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ನೀರು ಬಿಡಲು ‘ಪ್ರಾರಂಭಿಸಿ’, ನಿಲ್ಲಿಸಲು ‘ಸ್ಥಗಿತಗೊಳಿಸಿ’ ಎಂದು ಕೂಗಬೇಕು. ಮೂರು ವಾರ ಪಾಠ ನಡೆಯಿತು. "ಅರ್ಥ ಆಯ್ತಾ?" ಎಂದರೆ ಅವರು "ಆಯ್ತು ಮೇಡಂ" ಅನ್ನುತ್ತಿದ್ದರು. ನನಗೆ ಅಷ್ಟು ಸಾಕಿತ್ತು.

ಆಯಮ್ಮ ಲೈನ್ ನಡೆಸಿ ತೋರಿಸಬೇಕಿದ್ದ ಪರೀಕ್ಷೆಯ ದಿನ ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ಹಾಕಿಕೊಂಡು ಬಂದು, ಕಾಯಿ ತೊಳೆಯುವ ತೊಟ್ಟಿಯ ಪಕ್ಕ, ಸರಿಯಾಗಿ ಪೈಪಿನ ಬಾಯಿಗೆ ಎದುರಾಗಿ ನಿಂತರು. ನೀರಿನ ವಾಲ್ವ್ ಇರುವುದು ಗೋಡೆಯ ಆಚೆ. ಅದನ್ನು ತಿರುಗಿಸುವ ಕೆಲಸಗಾರನಿಗೆ ಈಚೆಯದು ಕಾಣುವುದಿಲ್ಲ, ಕೂಗಿದ್ದು ಮಾತ್ರ ಕೇಳುತ್ತದೆ. ಅಷ್ಟರಲ್ಲಿ ಯಾರೋ ನನಗೆ ಕುರ್ಚಿ ತಂದರು. ಬೆಳ್ಳಾವಿಯಲ್ಲಿ ಬೆಳೆದ ನಾಲಿಗೆ ನನ್ನದು, ‘ಬಿಡಿ’ ಎನ್ನುವುದು ‘ಬುಡಿ’ ಎಂದೇ ಹೊರಡುತ್ತದೆ. ಯಂತ್ರದ ಸದ್ದಿನ ನಡುವೆ ಗಟ್ಟಿಯಾಗಿ, "ಪರ್ವಾಗಿಲ್ಲ, ಬುಡಿ!" ಎಂದೆ.

"ಬುಟ್ಟೆ!" ಎಂದು ಗೋಡೆಯ ಆಚೆಯಿಂದ ಉತ್ತರ ಬಂತು. ಹಿಂದೆಯೇ ನೀರು ನುಗ್ಗಿ ಬಂದು ಮಾಲೀಕರನ್ನು ಸೊಂಟದವರೆಗೆ ತೋಯಿಸಿತು.

"ಇದೇನಮ್ಮ ನೀನು ಲೈನ್ ನೋಡ್ಕಳೋ ರೀತಿ?" ಅವರು ಗದರಿದ್ದು ಆ ಹೆಂಗಸನ್ನು. ಮಾತು ಜಾರಿದ್ದು ನನ್ನದು, ಹೋಗುವುದು ಅವರ ಕೆಲಸ. "ನಂದೇ ತಪ್ಪು ಸಾರ್" ಎನ್ನುವಷ್ಟರಲ್ಲಿ ಆಯಮ್ಮನೇ "ನೀರು ಸಾಕು!" ಎಂದು ಕೂಗಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮುಂದೆ ಬಂದರು.

"ತಪ್ಪು ಮೇಡಮ್ಮೋರ್ದೂ ಅಲ್ಲ, ವಾಲ್ವ್ ತಾವ ಇರೋ ಅಣ್ಣಂದೂ ಅಲ್ಲ ಸಾರ್. ಈ ಬುಡು ಅನ್ನೋ ಮಾತಿಂದು. ನೀರು ಬೇಕಂದ್ರೂ ಬುಡು, ಬ್ಯಾಡ ಅಂದ್ರೂ ಬುಡು. ಈ ಸದ್ದಲ್ಲಿ ಕೊನೇದೊಂದೇ ಕೇಳ್ಸೋದು. ತಿಂಗ್ಳಿಗೆ ಎರಡು ಸಲ ಯಾರಾದ್ರೂ ನೆನೀತಾರೆ. ಇವತ್ತು ನೀವು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ವಲ್ಲ ಸಾರ್."

ಮಾತು ಮಾಲೀಕರಿಗೆ ಹೇಳಿದ್ದು, ನಾಟಿದ್ದು ನನಗೆ. ಅರ್ಥವಾಯಿತಾ ಎಂದು ಮೂರು ವಾರ ಕೇಳಿದವಳು, ನಿಮಗೇನು ಗೊತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಆಯಮ್ಮ ಅಲ್ಲೇ ಎಲ್ಲರನ್ನೂ ಕರೆದರು. "ಇವತ್ತಿಂದ ‘ನೀರು ಬರ್ಲಿ’, ‘ನೀರು ಸಾಕು’, ಎರಡೇ ಮಾತು. ಬುಡು ಅಂದ್ರೆ ಯಾರೂ ಏನೂ ಮುಟ್ಟಂಗಿಲ್ಲ." ಹತ್ತು ಸಲ ಕೂಗಿ ನೋಡಿದರು, ಹತ್ತು ಸಲವೂ ಸರಿಹೋಯಿತು. ಪ್ಯಾಂಟು ಹಿಂಡಿಕೊಳ್ಳುತ್ತಾ ನೋಡುತ್ತಿದ್ದ ಮಾಲೀಕರು ಕೊನೆಗೆ, "ಸರಿ, ಆ ಕುಣಿಗಲ್‌ನೋರು ಬ್ಯಾಡ ಬುಡಿ!" ಎಂದರು. ನಾವೆಲ್ಲ ಒಟ್ಟಿಗೆ ಪೈಪಿನ ಕಡೆ ತಿರುಗಿದೆವು. ಒಂದು ಹನಿಯೂ ಬರಲಿಲ್ಲ. ಮೊದಲು ನಕ್ಕವರು ಮಾಲೀಕರೇ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟದ ಹೊತ್ತಿಗೆ ಹೊಸ ಸೂಪರ್‌ವೈಸರಮ್ಮ ನನ್ನ ಪಕ್ಕ ಬಂದು ಕೂತರು. "ಇಂಥವು ಇನ್ನೂ ಬೇಜಾನ್ ಅವೆ ಮೇಡಂ. ನಾನೇಳ್ತೀನಿ, ನೀವು ಬರ್ಕಳಿ."

ಕಾಯಿ ಮೂಟೆಯ ಮೇಲೆ ಕೂತು ಬರೆದುಕೊಳ್ಳುತ್ತಾ ಹೋದೆ. ನನ್ನ ವೃತ್ತಿಯಲ್ಲಿ ಅಷ್ಟು ಖುಷಿ ಕೊಟ್ಟ ಪಾಠ ಇನ್ನೊಂದಿಲ್ಲ, ಅದನ್ನು ಮಾಡಿದವಳು ನಾನಲ್ಲ.