ಎಂಬತ್ತು ಡಿಗ್ರಿ ಕೆಲಸ

ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದ ಪಕ್ಕದ ಮನೆಯ ಮಾವ ಈಗ ಮಗಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಕಾಯುತ್ತಾರೆ. ಅವಳು ಅನಿಮೇಷನ್ ಚಿತ್ರ ಮಾಡುವಾಗ ಪರದೆಯ ಮೂಲೆಯಲ್ಲಿ ಏರಿಳಿಯುವ, ಕಾರ್ಡಿನ ಬಿಸಿಯ ಡಿಗ್ರಿ, ಅದೆಳೆಯುವ ಕರೆಂಟಿನ ವ್ಯಾಟ್‌ಗಳ ಮೇಲೆಯೇ ಅವರ ಕಣ್ಣು. ಡಿಗ್ರಿ ಏರಿದರೆ ಕಿಟಕಿ ತೆರೆಯುತ್ತಾರೆ, ವ್ಯಾಟ್ ಏರಿದರೆ ಹೆಂಡತಿಯ ಇಸ್ತ್ರಿಪೆಟ್ಟಿಗೆ ಆರಿಸುತ್ತಾರೆ, ಕಾರ್ಡಿನ ಫ್ಯಾನಿನ ಸದ್ದು ಬದಲಾದರೆ ಊಟದ ತಟ್ಟೆ ಬಿಟ್ಟೇಳುತ್ತಾರೆ. ಮಗಳದ್ದೇನು ಕೆಲಸವೆಂದು ನೆಂಟರು ಕೇಳಿದರೆ, "ಅದೆಲ್ಲ ನಂಗೆ ತಿಳಿಯಲ್ಲ, ಎಂಬತ್ತು ಡಿಗ್ರಿ ಕೆಲ್ಸ ಕಣ್ರೀ!" ಎಂದು ಎದೆಯುಬ್ಬಿಸುತ್ತಾರೆ. ಬಿಸಿ ಮಿತಿಮೀರಿದರೆ ಕಾರ್ಡು ತಾನಾಗಿಯೇ ವೇಗ ತಗ್ಗಿಸಿಕೊಂಡು ತಣಿಯುತ್ತದೆಂದು ಮಗಳು ನನಗೆ ಹೇಳಿದ್ದಾಳೆ, ಅಪ್ಪನಿಗೆ ಹೇಳಿಲ್ಲ. ಪ್ರತಿಸಲವೂ, "ಅಪ್ಪಾ, ಬಾ, ನೀನಿಲ್ದೆ ಶುರು ಮಾಡಲ್ಲ" ಎಂದು ಕೂಗುತ್ತಾಳೆ. ಮಾವ ಅಂಗಿ ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು, ಪಾಳಿಗೆ ಹೊರಟವರ ಗತ್ತಿನಲ್ಲಿ ಅವಳ ಕೋಣೆಗೆ ನಡೆಯುತ್ತಾರೆ.